ಟಕ ಟಕ ಸದ್ದು ಏನು ಹೇಳುತ್ತದೆ?

ಅಕ್ಕ ತಂಗಿಯರೇ, ಅಂಬಾಸಿಡರ್ ಕಾರು ಗೊತ್ತಲ್ಲ? ಮದುವೆಗೆ, ಆಸ್ಪತ್ರೆಗೆ, ಜಾತ್ರೆಗೆ ನಮ್ಮಲ್ಲಿ ಎಷ್ಟೋ ಜನ ಅದರಲ್ಲಿ ಒತ್ತಿಕೊಂಡು ಕೂತು ಹೋದವರೇ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದನ್ನು ತಯಾರಿಸುತ್ತಿದ್ದರು. 2014ರಲ್ಲಿ ತಯಾರಿಕೆ ನಿಂತಿತು. ಆದರೂ ಹಳೆಯ ಕಾರನ್ನು ಜೋಪಾನ ಮಾಡಿಟ್ಟುಕೊಂಡವರು ಇದ್ದಾರೆ.

ಹಳೆಯ ಪೆಟ್ರೋಲ್ ಅಂಬಾಸಿಡರ್ ಕೆಲವು ಸಲ 'ಟಕ ಟಕ' ಅನ್ನುತ್ತದೆ. ಯಾಕೆ? ನೋಡೋಣ ಬನ್ನಿ.

ವಾಲ್ವ್ ಅಂದರೆ ಏನು?

ವಾಲ್ವ್ ಅಂದರೆ ಇಂಜಿನ್ನಿನ ಬಾಯಿ ಮುಚ್ಚಳ. ಒಂದು ವಾಲ್ವ್ ಗಾಳಿ, ಪೆಟ್ರೋಲನ್ನು ಒಳಗೆ ಬಿಡುತ್ತದೆ. ಇನ್ನೊಂದು ಹೊಗೆಯನ್ನು ಹೊರಗೆ ಬಿಡುತ್ತದೆ. ಈ ಇಂಜಿನ್ನಿನಲ್ಲಿ 4 ಸಿಲಿಂಡರ್, 8 ವಾಲ್ವ್. ಪ್ರತಿ ವಾಲ್ವನ್ನೂ ಒಂದು ಕಬ್ಬಿಣದ ತೋಳು ಒತ್ತುತ್ತದೆ. ತೋಳಿಗೂ ವಾಲ್ವಿಗೂ ನಡುವೆ ಸ್ವಲ್ಪ ಸಂದು ಇರಬೇಕು.

ಸಂದು ಯಾಕೆ ಬೇಕು?

ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವಾಗ ಅದನ್ನು ಕಾಯಿಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ವಾಲ್ವೂ ಹಾಗೇ. ಹಿಗ್ಗಲು ಜಾಗ ಬೇಕು.

ಸಂದು ಹೆಚ್ಚಾದರೆ ಟಕ ಟಕ ಸದ್ದು ಬರುತ್ತದೆ. ವಾಲ್ವ್ ಪೂರ್ತಿ ತೆರೆಯುವುದಿಲ್ಲ. ಸಂದು ತೀರ ಕಡಿಮೆಯಾದರೆ ಸದ್ದೇ ಇರುವುದಿಲ್ಲ. ಆದರೆ ಅಪಾಯ ಅಲ್ಲೇ ಇದೆ! ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ಉರಿಯುವ ಗಾಳಿ ಸೋರಿ ಅದರ ಅಂಚು ಸುಡುತ್ತದೆ. ಆಮೇಲೆ ಇಂಜಿನ್ ಬಿಚ್ಚಬೇಕು. ಖರ್ಚು ದೊಡ್ಡದು. ಬಾಡಿಗೆಗೆ ಓಡುವ ಕಾರಾದರೆ ಮನೆಯ ಸಂಪಾದನೆಯೂ ನಿಂತ ಹಾಗೆ. ಅದಕ್ಕೇ 'ಸದ್ದು ನಿಲ್ಲಿಸಿ ಕೊಡಪ್ಪಾ' ಅಂತ ಕೇಳಬಾರದು. 'ಅಳತೆಗೆ ಸರಿ ಮಾಡಿ ಕೊಡಪ್ಪಾ' ಅನ್ನಬೇಕು.

ಸರಿ ಮಾಡುವುದು ಹೇಗೆ?

ಅಳತೆ ಕಾರಿನ ಪುಸ್ತಕದಲ್ಲಿ ಇರುತ್ತದೆ. ಅದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಇಂಜಿನ್ ಬಿಸಿ ಇರಬೇಕೋ, ತಣ್ಣಗಿರಬೇಕೋ ಅಂತಲೂ ಅದರಲ್ಲೇ ಬರೆದಿರುತ್ತಾರೆ. ಅಳೆಯಲು ಫೀಲರ್ ಗೇಜ್ ಬೇಕು. ಅದು ತೆಳು ಉಕ್ಕಿನ ಎಲೆಗಳ ಕಟ್ಟು. ಪ್ರತಿ ಎಲೆಯ ಮೇಲೂ ಅದರ ದಪ್ಪದ ಅಂಕಿ ಇರುತ್ತದೆ.

ಇಂಜಿನ್ ನಿಲ್ಲಿಸಿ, ಮೇಲಿನ ಕವರ್ ತೆಗೆಯಬೇಕು. ಮುಂದಿನಿಂದ ವಾಲ್ವ್ ಎಣಿಸಬೇಕು. ಇಂಜಿನ್ನನ್ನು ಕೈಯಲ್ಲಿ ತಿರುಗಿಸಬೇಕು. 8ನೆಯ ವಾಲ್ವ್ ಪೂರ್ತಿ ಕೆಳಗೆ ಒತ್ತಿದಾಗ 1ನೆಯದನ್ನು ಅಳೆಯಬೇಕು. 7 ಒತ್ತಿದಾಗ 2. 6 ಒತ್ತಿದಾಗ 3. ಕೂಡಿ ನೋಡಿ, ಯಾವಾಗಲೂ 9 ಬರುತ್ತದೆ!

ಎಲೆ ಸಂದಿನಲ್ಲಿ ತುಸು ಹಿಡಿದು ಜಾರಬೇಕು. ಇಲ್ಲದಿದ್ದರೆ ನಟ್ ಸಡಿಲಿಸಿ ಸ್ಕ್ರೂ ತಿರುಗಿಸಬೇಕು. ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿಯಬೇಕು. ಮತ್ತೊಮ್ಮೆ ಅಳೆಯಬೇಕು.

ಈ ಕೆಲಸಕ್ಕೆ ತೋಳಿನ ಬಲ ಹೆಚ್ಚು ಬೇಡ. ಅಂಕಿ ಓದಬೇಕು, ಕೂಡಬೇಕು, ಕೈಗೆ ಹದ ತಿಳಿಯಬೇಕು. ಹದ ನಮಗೆ ಮೊದಲೇ ಗೊತ್ತು. ಓದು, ಲೆಕ್ಕ ಈಗ ಕಲಿತೆವು. ಇನ್ನು ಈ ಕೆಲಸ ನಮ್ಮದಲ್ಲ ಅನ್ನುವುದು ಯಾಕೆ?