ಕಲ್ಯಾಣ ಬಿಟ್ಟು ಬಂದ ಅಕ್ಕ

ಬಸವಣ್ಣನವರ ಅಕ್ಕ ಕೊನೆಗೆ ಎಲ್ಲಿ ನೆಲೆಸಿದ್ರು, ಗೊತ್ತಾ?
ನಮ್ಮ ತರೀಕೆರೆ ಸೀಮೆಯಲ್ಲಿ!

12ನೇ ಶತಮಾನ.
ಹರಳಯ್ಯನ ಮಗ, ಮಧುವರಸನ ಮಗಳು.
ಜಾತಿ ಮೀರಿದ ಈ ಒಂದು ಮದುವೆಗೆ ಕಲ್ಯಾಣವೇ ಹೊತ್ತಿ ಉರಿಯಿತು.
ಶರಣರು ದಿಕ್ಕಾಪಾಲು.

ಅಕ್ಕನಾಗಮ್ಮ, ಮಗ ಚೆನ್ನಬಸವಣ್ಣ,
ಇಬ್ಬರೂ ಉಳವಿಯ ಕಾಡಿನತ್ತ.
ಬರಗಾಲಕ್ಕೆ ಊರು ಬಿಡೋ ರೈತ
ಬಿತ್ತನೆ ರಾಗಿ ಮಾತ್ರ ಬಿಡಲ್ಲ ನೋಡಿ,
ಹಾಗೆ ವಚನದ ಕಟ್ಟು ಹೊತ್ತು ನಡೆದರು ಅಂತಾರೆ.

ಗುಡಿ? ಆ ಚಿಂತೆಯೇ ಇಲ್ಲ.
ಇಷ್ಟಲಿಂಗ ಕೊರಳಲ್ಲೇ ಇತ್ತು.
ಅಂಗೈ ಚಾಚಿದಲ್ಲೇ ಪೂಜೆ.
ಓಡಿಸಿದವರಿಗೆ ಇದು ಹೊಳೆದಿರಲಿಕ್ಕಿಲ್ಲ ಬಿಡಿ!

ಮಗ ಉಳವಿಯಲ್ಲಿ ಐಕ್ಯ.
ತಾಯಿ ಇತ್ತ ಬಂದು
ಎಣ್ಣೆಹೊಳೆಯಲ್ಲಿ ಐಕ್ಯರಾದರು ಅನ್ನೋದು ಇಲ್ಲಿನ ನಂಬಿಕೆ.

ಅವರ ವಚನಗಳ ಅಂಕಿತ ಕೇಳಿ:
ಬಸವಣ್ಣಪ್ರಿಯ ಚೆನ್ನಸಂಗಯ್ಯ.
ದೇವರಿಗಿಂತ ಮೊದಲು ತಮ್ಮನ ಹೆಸರು!

ಕಡೂರು, ಅಜ್ಜಂಪುರದವರೇ,
ಎಣ್ಣೆಹೊಳೆಗೆ ಒಮ್ಮೆ ಹೋಗಿ ಬನ್ನಿ.