ಪರಿತ್ಯಕ್ತ ಸಾಕುಹಕ್ಕಿಗೆ ಆಶ್ರಯ

ನಗರಗಳಲ್ಲಿ ಮನೆ ಬದಲಾಯಿಸುವವರು ಕೆಲವೊಮ್ಮೆ ತಮ್ಮ ಸಾಕುಹಕ್ಕಿಯನ್ನು ನೆರೆಹೊರೆಯವರ ಪಾಲಿಗೆ ಬಿಟ್ಟುಹೋಗುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಮಕ್ಕಳ ಉತ್ಸಾಹ ತೀರಿದೊಡನೆ ಪಂಜರವು ಬಾಲ್ಕನಿಯ ಮೂಲೆ ಸೇರುತ್ತದೆ. ಇಂತಹ ಹಕ್ಕಿಗೆ ಆಶ್ರಯ ನೀಡುವುದು ಶ್ಲಾಘನೀಯ. ಆದರೆ ಕನಿಕರದ ಜೊತೆಗೆ ತಿಳಿವಳಿಕೆಯೂ ಅವಶ್ಯ.

ಮೊದಲು ಅರಿಯಬೇಕಾದದ್ದು ಹಕ್ಕಿಯ ಜಾತಿ. ನಮ್ಮ ದೇಶದ ಹಸಿರು ಗಿಳಿ, ಬೆಟ್ಟದ ಮೈನಾ, ಮುನಿಯ ಮೊದಲಾದವುಗಳಿಗೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯ ರಕ್ಷಣೆಯಿದೆ. ಅವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. ಅಂತಹ ಹಕ್ಕಿ ಕೈಸೇರಿದರೆ 48 ಗಂಟೆಗಳೊಳಗೆ ಅರಣ್ಯ ಇಲಾಖೆಯ ಅಧಿಕಾರಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ತಿಳಿಸಬೇಕು. ರೆಕ್ಕೆ ಕತ್ತರಿಸಲ್ಪಟ್ಟ ಗಿಳಿಯನ್ನು ತಾವಾಗಿಯೇ ಹಾರಿಬಿಡುವುದು ಅದನ್ನು ಕಾಗೆ, ಬೆಕ್ಕುಗಳ ಬಾಯಿಗೆ ಒಪ್ಪಿಸಿದಂತೆ.

ಬಡ್ಜರಿಗಾರ್, ಕಾಕಟೀಲ್, ಲವ್‌ಬರ್ಡ್ ಮುಂತಾದವು ವಿದೇಶಿ ಮೂಲದವು. ಪಂಜರದಲ್ಲಿಯೇ ಹುಟ್ಟಿ ಬೆಳೆದ ಇವು ಹೊರಗೆ ಬದುಕಲಾರವು. ಇವುಗಳಿಗೆ ಬೇಕಾದುದು ಉತ್ತಮ ಪಾಲಕರು. ಆಫ್ರಿಕಾದ ಬೂದು ಗಿಳಿಯಂತಹ, ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟ ಜಾತಿಗಳನ್ನು ದತ್ತು ಪಡೆಯುವವರು 2024ರ ನಿಯಮಗಳಂತೆ ಅದನ್ನು ವರದಿ ಮಾಡಿ ನೋಂದಾಯಿಸಬೇಕು. ಆದ್ದರಿಂದ ಹಿಂದಿನ ಪಾಲಕರಿಂದ ದಾಖಲೆಗಳನ್ನು ಕೇಳಿ ಪಡೆಯುವುದು ಒಳಿತು.

ಮನೆಗೆ ಬಂದ ಹಕ್ಕಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಕನಿಷ್ಠ ಒಂದು ತಿಂಗಳು ಇದನ್ನು ಪ್ರತ್ಯೇಕ ಕೋಣೆಯಲ್ಲಿರಿಸಬೇಕು. ಕೆಲವು ರೋಗಗಳು ಮನುಷ್ಯರಿಗೂ ಹರಡುವುದರಿಂದ ಪಂಜರ ಶುಚಿಗೊಳಿಸಿದ ಬಳಿಕ ಕೈ ತೊಳೆಯುವುದು ಅಗತ್ಯ. ಹಕ್ಕಿಗಳು ಕಾಯಿಲೆಯನ್ನು ಮರೆಮಾಚುತ್ತವೆ. ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತಿದ್ದರೆ ತಡಮಾಡಬಾರದು.

ಕಾಳಿನ ಬಟ್ಟಲು ತುಂಬಿದಂತೆ ಕಂಡರೂ ಅದರಲ್ಲಿ ಬರಿಯ ಹೊಟ್ಟೇ ಇರಬಹುದು. ದಿನವೂ ಹೊಟ್ಟನ್ನು ಊದಿ ತೆಗೆದು ನೋಡಬೇಕು. ನವಣೆಯಂತಹ ಕಾಳುಗಳಷ್ಟನ್ನೇ ತಿಂದ ಹಕ್ಕಿಗೆ 'ಎ' ಜೀವಸತ್ತ್ವದ ಕೊರತೆ ಉಂಟಾಗುತ್ತದೆ. ಸೊಪ್ಪು, ಗಜ್ಜರಿಗಳನ್ನು ಕ್ರಮೇಣ ರೂಢಿಸಬೇಕು. ಒಮ್ಮೆಲೇ ಆಹಾರ ಬದಲಿಸಿದರೆ ಅದು ಉಪವಾಸ ಬೀಳಬಹುದು. ಬೆಣ್ಣೆಹಣ್ಣು, ಚಾಕೊಲೇಟ್ ವಿಷಕಾರಿ. ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆಯೂ ಪ್ರಾಣಾಂತಕ.

ರೆಕ್ಕೆ ಚಾಚಿ ಚಲಿಸಲಾಗದಷ್ಟು ಇಕ್ಕಟ್ಟಾದ ಪಂಜರದಲ್ಲಿ ಪ್ರಾಣಿಪಕ್ಷಿಗಳನ್ನು ಇರಿಸುವುದನ್ನು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ನಿಷೇಧಿಸುತ್ತದೆ. ಪಂಜರ ವಿಶಾಲವಾಗಿರಲಿ; ಕುಳಿತುಕೊಳ್ಳಲು ಬೇರೆ ಬೇರೆ ದಪ್ಪದ ಕೊಂಬೆಗಳಿರಲಿ; ರಾತ್ರಿ ಹತ್ತು-ಹನ್ನೆರಡು ಗಂಟೆಗಳ ನಿಶ್ಶಬ್ದ ವಿಶ್ರಾಂತಿ ದೊರೆಯಲಿ.

ಒಂಟಿತನದಿಂದ ತನ್ನ ಪುಕ್ಕವನ್ನು ತಾನೇ ಕಿತ್ತುಕೊಳ್ಳುವ ಹಕ್ಕಿಯನ್ನು ಬಲವಂತದಿಂದ ಹಿಡಿದು ಮುದ್ದಿಸಬಾರದು. ಪಂಜರದ ಬಳಿ ಕುಳಿತು ಮೆಲುದನಿಯಲ್ಲಿ ಮಾತನಾಡುತ್ತಿದ್ದರೆ ಸಾಕು. ವಿಶ್ವಾಸ ಮೂಡಲು ತಿಂಗಳುಗಳೇ ಹಿಡಿಯಬಹುದು.

ಬೂದು ಗಿಳಿ ನಾಲ್ಕು ದಶಕಗಳಿಗೂ ಮೀರಿ ಬದುಕಬಲ್ಲದು. ಅಷ್ಟು ಕಾಲದ ಹೊಣೆ ಸಾಧ್ಯವಿಲ್ಲದವರು ಶಾಶ್ವತ ಪಾಲಕರು ದೊರೆಯುವವರೆಗೆ ತಾತ್ಕಾಲಿಕ ಪೋಷಣೆಯನ್ನಾದರೂ ವಹಿಸಿಕೊಳ್ಳಬಹುದು. ಒಮ್ಮೆ ಮನೆ ಕಳೆದುಕೊಂಡ ಹಕ್ಕಿ ಮತ್ತೊಮ್ಮೆ ಕಳೆದುಕೊಳ್ಳದಂತೆ ನೋಡಿಕೊಳ್ಳುವುದೇ ಈ ಸೇವೆಯ ಸಾರ. ಜೀವಿಗಳ ಬಗೆಗಿನ ಅನುಕಂಪವನ್ನು ನಮ್ಮ ಸಂವಿಧಾನವು 51ಎ ಅನುಚ್ಛೇದದಲ್ಲಿ ಪ್ರತಿಯೊಬ್ಬ ಪೌರನ ಮೂಲಭೂತ ಕರ್ತವ್ಯವೆಂದು ಸಾರಿದೆ.