ಟರ್ಬೊ ಲಾರಿಗಳಿಗೆ ಎಕ್ಸಾಸ್ಟ್ ಉಷ್ಣತಾಮಾಪಕ: ಅಳವಡಿಕೆ ಮತ್ತು ಬಳಕೆ

ಪಣಂಬೂರಿನ ಬಂದರಿನಿಂದ ರಸಗೊಬ್ಬರವನ್ನೋ ಖಾದ್ಯ ತೈಲವನ್ನೋ ಹೇರಿಕೊಂಡು ಹೊರಟ ಲಾರಿಯು ಗುಂಡ್ಯವನ್ನು ದಾಟಿ ಶಿರಾಡಿ ಘಾಟಿಯನ್ನು ಏರತೊಡಗಿದಾಗ, ಅದರ ಎಂಜಿನ್ ಸಮತಟ್ಟಾದ ಹೆದ್ದಾರಿಯಲ್ಲಿ ಎಂದೂ ಕಾಣದ ಒತ್ತಡಕ್ಕೆ ಒಳಗಾಗುತ್ತದೆ. ಚಾಲಕನ ಎದುರಿನ ಫಲಕದಲ್ಲಿ ವೇಗ, ಆಯಿಲ್ ಒತ್ತಡ, ರೇಡಿಯೇಟರ್ ನೀರಿನ ಶಾಖ, ಡೀಸೆಲ್ ಮಟ್ಟ ಇವೆಲ್ಲವೂ ಕಾಣುತ್ತವೆ. ಆದರೆ ಪಿಸ್ಟನ್ನಿನ ನೆತ್ತಿಯ ಮೇಲೂ ಟರ್ಬೊ ಚಕ್ರದ ಮೇಲೂ ಬೀಳುತ್ತಿರುವ ಬಿಸಿ ಎಷ್ಟೆಂಬುದನ್ನು ತಿಳಿಸುವ ಮುಳ್ಳು ಅಲ್ಲಿರುವುದಿಲ್ಲ. ಸಕಲೇಶಪುರವನ್ನು ತಲುಪಿ, 'ಗಾಡಿ ಎಳೆಯುತ್ತಿಲ್ಲ' ಎಂದು ಚಾಲಕನು ಮಾಲೀಕರಿಗೆ ಫೋನು ಮಾಡುವ ಹೊತ್ತಿಗೆ ಕೆಡಬೇಕಾದುದು ಕೆಟ್ಟುಹೋಗಿರುತ್ತದೆ.

ನೂರಾರು ವಾಹನಗಳುಳ್ಳ ಸಾರಿಗೆ ಸಂಸ್ಥೆಗೆ ಒಂದು ಎಂಜಿನ್ ಕೆಟ್ಟರೆ ಅದು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ಸ್ವಂತ ಸರಕಿಗಾಗಿ ಒಂದೆರಡು ಲಾರಿಗಳನ್ನಿಟ್ಟುಕೊಂಡ ಅಡಿಕೆ ವರ್ತಕರಿಗೆ, ಹೆಂಚಿನ ಕಾರ್ಖಾನೆಯವರಿಗೆ, ಗ್ರಾನೈಟ್ ಉದ್ಯಮಿಗಳಿಗೆ ಅದು ಹಾಗಲ್ಲ. ಪಿಸ್ಟನ್, ಲೈನರ್, ಹೆಡ್, ಟರ್ಬೊ ಇವುಗಳ ವೆಚ್ಚದ ಜೊತೆಗೆ ವಾಹನವು ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯೂ ಹೋಗುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಇದಕ್ಕೆ ಹೋಲಿಸಿದರೆ ಎಕ್ಸಾಸ್ಟ್ ಉಷ್ಣತಾಮಾಪಕದ ಬೆಲೆ ಅತ್ಯಲ್ಪ. ಆದರೂ ನಮ್ಮ ಹಳೆಯ ಲಾರಿಗಳಲ್ಲಿ ಇದನ್ನು ಕಾಣುವುದು ಅಪರೂಪ.

ಟರ್ಬೊ ತತ್ತ್ವವು ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಎಂಜಿನ್ನಿನಿಂದ ಹೊರಹೋಗುವ ಬಿಸಿ ಅನಿಲವು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಡೀಸೆಲ್ ಸುಡಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಗಾಳಿಗೆ ಹೋಲಿಸಿದರೆ ಡೀಸೆಲಿನ ಪಾಲು ಅತಿಯಾದಾಗ ತೊಂದರೆ ಆರಂಭವಾಗುತ್ತದೆ. ಡೀಸೆಲ್ ಎಂಜಿನ್ ಸಾಮಾನ್ಯವಾಗಿ ತನಗೆ ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ಸೇವಿಸುತ್ತದೆ. ಈ ಹೆಚ್ಚುವರಿ ಗಾಳಿಯೇ ಅದನ್ನು ಒಳಗಿನಿಂದ ತಣಿಸುತ್ತಿರುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡಾಗ, ಇಂಟರ್‌ಕೂಲರಿನ ರಬ್ಬರ್ ಹೋಸ್ ಬಿರುಕುಬಿಟ್ಟಾಗ, ಇಂಜೆಕ್ಷನ್ ಸಮಯ ಹಿಂದೆ ಸರಿದಾಗ ಅಥವಾ ಹೆಚ್ಚು ಎಳೆತದ ಆಸೆಗೆ ಪಂಪಿನ ಡೀಸೆಲ್ ಪ್ರಮಾಣವನ್ನು ಏರಿಸಿದಾಗ ಎಕ್ಸಾಸ್ಟ್ ಶಾಖ ಏರುತ್ತದೆ. ರೇಡಿಯೇಟರಿನ ಮುಳ್ಳು ಇದನ್ನು ತೋರಿಸಲು ಹಲವು ನಿಮಿಷಗಳನ್ನು ತೆಗೆದುಕೊಳ್ಳುತ್ತದೆ, ಎಷ್ಟೋ ವೇಳೆ ತೋರಿಸುವುದೇ ಇಲ್ಲ. ಎಕ್ಸಾಸ್ಟ್ ಮಾಪಕವಾದರೋ ಕೆಲವೇ ಸೆಕೆಂಡುಗಳಲ್ಲಿ ತಿಳಿಸುತ್ತದೆ.

ಮಾಪಕದ ಒಳಗಿನ ವಸ್ತು ನಮ್ಮ ಉದ್ಯಮಿಗಳಿಗೆ ಅಪರಿಚಿತವಲ್ಲ. ಬೆಳಗಾವಿಯ ಫೌಂಡ್ರಿಗಳಲ್ಲಿಯೂ ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಘಟಕಗಳಲ್ಲಿಯೂ ಕುಲುಮೆಯ ಶಾಖವನ್ನು ಅಳೆಯಲು ಬಳಸುವ 'ಕೆ' ಮಾದರಿಯ ಥರ್ಮೋಕಪಲ್ ಇಲ್ಲಿಯೂ ಕೆಲಸ ಮಾಡುತ್ತದೆ. ಎರಡು ಭಿನ್ನ ಲೋಹಗಳ ತಂತಿಗಳನ್ನು ಬೆಸೆದು ಒಂದು ತುದಿಯನ್ನು ಕಾಯಿಸಿದರೆ ವಿದ್ಯುತ್ ಒತ್ತಡ ಹುಟ್ಟುವ ಈ ಪರಿಣಾಮವನ್ನು ಥಾಮಸ್ ಸೀಬೆಕ್ 1821ರಲ್ಲಿ ಕಂಡುಕೊಂಡರು. 'ಕೆ' ಮಾದರಿಯಲ್ಲಿ ಒಂದು ತಂತಿ ಕ್ರೋಮೆಲ್, ಇನ್ನೊಂದು ಅಲ್ಯುಮೆಲ್. 700 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಇದು ಕೊಡುವುದು ಸುಮಾರು 29 ಮಿಲಿವೋಲ್ಟ್ ಮಾತ್ರ. ಹಾಗೆಂದು ಕುಲುಮೆಯ ಸಂವೇದಕವನ್ನೇ ತಂದು ಲಾರಿಗೆ ತಿರುಗಿಸುವುದು ಸರಿಯಲ್ಲ, ಏಕೆಂದರೆ ಕುಲುಮೆಯು ಅಲುಗಾಡುವುದಿಲ್ಲ. ಲಾರಿಗೆ ಬೇಕಾದುದು ಉಕ್ಕಿನ ಅಥವಾ ಇಂಕೊನೆಲ್ ಕವಚವುಳ್ಳ, ಒಳಗೆ ಖನಿಜದ ಪುಡಿಯನ್ನು ಬಿಗಿಯಾಗಿ ತುಂಬಿದ, ಕಂಪನವನ್ನು ತಾಳುವ ಸಣ್ಣ ಸಂವೇದಕ.

ಮುಂದೆಯೋ ಹಿಂದೆಯೋ?

ಸಂವೇದಕವನ್ನು ಟರ್ಬೊಗೆ ಮೊದಲು ಮ್ಯಾನಿಫೋಲ್ಡಿನಲ್ಲಿ ಕೂರಿಸಬೇಕೇ, ಟರ್ಬೊ ಆದಮೇಲೆ ಸೈಲೆನ್ಸರ್ ಪೈಪಿನಲ್ಲಿ ಕೂರಿಸಬೇಕೇ ಎಂಬುದು ಮೆಕ್ಯಾನಿಕ್‌ಗಳ ನಡುವಿನ ಹಳೆಯ ಚರ್ಚೆ. ಪೈಪಿನಲ್ಲಿ ರಂಧ್ರ ಕೊರೆಯುವುದು ಸುಲಭ; ಮುಂದೆಂದಾದರೂ ಸಂವೇದಕದ ತುದಿ ಮುರಿದರೂ ಅದು ಟರ್ಬೊ ಚಕ್ರಕ್ಕೆ ಬಡಿಯುವ ಭಯವಿಲ್ಲ. ಆದರೆ ಅನಿಲವು ಚಕ್ರವನ್ನು ತಿರುಗಿಸುವಾಗ ತನ್ನ ಶಾಖದ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಪೂರ್ಣ ಹೊರೆಯಲ್ಲಿ ಈ ಇಳಿಕೆ 100ರಿಂದ 150 ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು. ಹೊರೆ ಕಡಿಮೆಯಾದರೆ ಇಳಿಕೆಯೂ ಕಡಿಮೆ. ಬದಲಾಗುತ್ತಲೇ ಇರುವ ಈ ವ್ಯತ್ಯಾಸವನ್ನು ಚಾಲಕನು ಘಾಟಿಯ ತಿರುವಿನಲ್ಲಿ ಮನಸ್ಸಿನಲ್ಲೇ ಕೂಡಿಸಿಕೊಳ್ಳಲಾರ. ಎಂಜಿನ್ ರಕ್ಷಣೆಯೇ ಉದ್ದೇಶವಾಗಿದ್ದರೆ ಶ್ರಮ ಹೆಚ್ಚಾದರೂ ಟರ್ಬೊಗೆ ಮೊದಲೇ ಅಳೆಯುವುದು ಸೂಕ್ತ.

ಮ್ಯಾನಿಫೋಲ್ಡಿನಲ್ಲಿ ದೀರ್ಘಕಾಲದ ಏರುವಿಕೆಗೆ ಸುಮಾರು 680ರಿಂದ 700 ಡಿಗ್ರಿ ಸೆಲ್ಸಿಯಸ್ ಮೇಲ್ಮಿತಿಯೆಂದು ರೂಢಿಯಲ್ಲಿದೆ. ತಯಾರಕರ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆಯಾದ್ದರಿಂದ ಮುಳ್ಳು ಅಲ್ಲಿಗೆ ಬಂದೊಡನೆ ಪಿಸ್ಟನ್ ಕರಗುತ್ತದೆಂದು ಕೆಲವರು ಭಾವಿಸುವುದುಂಟು. ಇದು ತಪ್ಪು ಗ್ರಹಿಕೆ. ಪಿಸ್ಟನ್ನಿಗೆ ಪ್ರತಿ ಚಕ್ರದಲ್ಲಿಯೂ ತಣ್ಣನೆಯ ಗಾಳಿ ತಗಲುತ್ತದೆ, ಕೆಳಗಿನಿಂದ ಆಯಿಲ್ ತಣಿಸುತ್ತದೆ. ಹೀಗಾಗಿ ಅದು ಅನಿಲಕ್ಕಿಂತ ಬಹಳ ತಂಪಾಗಿರುತ್ತದೆ. ಆದರೆ ಪಿಸ್ಟನ್ನಿನ ಮಿಶ್ರಲೋಹವು ಕರಗುವುದಕ್ಕೆ ಬಹಳ ಮೊದಲೇ, 300 ಡಿಗ್ರಿಯ ಮೇಲೆ, ತನ್ನ ಬಲವನ್ನು ವೇಗವಾಗಿ ಕಳೆದುಕೊಳ್ಳುತ್ತದೆ ಎಂಬುದೂ ನಿಜ. ಕ್ಷಣಕಾಲದ ಏರಿಕೆಗಿಂತ ನಿಮಿಷಗಟ್ಟಲೆ ನಿಂತ ಬಿಸಿಯೇ ಹೆಚ್ಚು ಅಪಾಯಕಾರಿ. ಇನ್ನೊಂದು ಎಚ್ಚರಿಕೆ: ಅಮೆರಿಕದ ಮಾಪಕಗಳು ಫ್ಯಾರನ್‌ಹೀಟ್‌ನಲ್ಲಿರುತ್ತವೆ. ಅವುಗಳಲ್ಲಿನ 1300 ಎಂದರೆ ನಮ್ಮ 704. ಅಂತಹ ಮಾಪಕವನ್ನು ಕೊಂಡವರು ಮೇಲ್ಮಿತಿಯ ಜಾಗದಲ್ಲಿ ಕೆಂಪು ಬಣ್ಣದ ಗೆರೆ ಹಾಕಿಸುವುದೊಳ್ಳೆಯದು, ಏಕೆಂದರೆ ಚಾಲಕನಿಗೆ ಅಂಕಿಗಿಂತ ಗೆರೆ ಬೇಗ ಕಾಣುತ್ತದೆ.

ಅಳವಡಿಸುವ ಕ್ರಮ

ಸಂವೇದಕವು ಹಲವು ಸಿಲಿಂಡರುಗಳ ಅನಿಲ ಒಂದಾಗುವ, ಟರ್ಬೊ ಫ್ಲಾಂಜಿಗೆ ಸಮೀಪದ ಸ್ಥಳದಲ್ಲಿರಬೇಕು. ಆರು ಸಿಲಿಂಡರಿನ ಅನೇಕ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಒಳಗೆ ಗೋಡೆಯಿಂದ ಎರಡು ಭಾಗವಾಗಿರುತ್ತದೆ. ಮುಂದಿನ ಮೂರು ಒಂದು ಕಡೆ, ಹಿಂದಿನ ಮೂರು ಇನ್ನೊಂದು ಕಡೆ. ಅಲ್ಲಿ ಒಂದು ಸಂವೇದಕವು ಅರ್ಧ ಎಂಜಿನ್ನಿನ ವರದಿಯನ್ನಷ್ಟೇ ಕೊಡುತ್ತದೆ ಎಂಬುದನ್ನು ಮಾಲೀಕರು ಅರಿತಿರಬೇಕು. ನಡುವಿನ ಗೋಡೆಗೆ ಡ್ರಿಲ್ ತಾಗದಂತೆ ನೋಡಿಕೊಳ್ಳುವುದೂ ಅವಶ್ಯ.

ಮ್ಯಾನಿಫೋಲ್ಡನ್ನು ಬಿಚ್ಚಿ ಲೇತ್ ಷಾಪಿಗೆ ಒಯ್ದು ಕೊರೆಸುವುದೇ ಸರಿಯಾದ ಮಾರ್ಗ. ಗ್ಯಾಸ್ಕೆಟ್‌ನ ಖರ್ಚು, ತುಕ್ಕು ಹಿಡಿದ ಸ್ಟಡ್ಡುಗಳ ತಲೆನೋವು ಇವನ್ನು ತಪ್ಪಿಸಲು ಕೆಲವರು ಎಂಜಿನ್ನಿನ ಮೇಲೆಯೇ ಕೊರೆಯುತ್ತಾರೆ. ಒಳಗೆ ಬಿದ್ದ ಕಬ್ಬಿಣದ ಚೂರು ಮುಂದೆ ಸಾಗಿ, ನಿಮಿಷಕ್ಕೆ ಲಕ್ಷದ ಆಸುಪಾಸಿನ ಸುತ್ತು ತಿರುಗುವ ಟರ್ಬೊ ಚಕ್ರಕ್ಕೆ ಬಡಿದರೆ ಉಳಿಸಿದ ಹಣದ ಹಲವು ಪಟ್ಟು ಕೈಬಿಡುತ್ತದೆ. ಅನಿವಾರ್ಯವಾದರೆ ಡ್ರಿಲ್ ಬಿಟ್ಟಿಗೂ ಟ್ಯಾಪಿಗೂ ಗ್ರೀಸನ್ನು ದಪ್ಪನಾಗಿ ಹಚ್ಚಿ, ಅಲ್ಪ ಅಲ್ಪವಾಗಿ ಕೊರೆದು, ಪ್ರತಿ ಬಾರಿ ಒರೆಸಿ, ಕೊನೆಗೆ ಅಯಸ್ಕಾಂತದ ಕಡ್ಡಿಯಿಂದ ಒಳಭಾಗವನ್ನು ತಡವಬೇಕು. ಎರಕದ ಕಬ್ಬಿಣವು ಸುರುಳಿಯಾಗದೆ ಪುಡಿಯಾಗಿ ಬರುವುದರಿಂದ ಇದು ಒಂದು ಮಟ್ಟಿಗೆ ಸಾಧ್ಯ.

ಬಹುತೇಕ ಸಂವೇದಕಗಳ ಫಿಟ್ಟಿಂಗ್ ಎಂಟರಲ್ಲಿ ಒಂದು ಇಂಚಿನ ಎನ್‌ಪಿಟಿ ಮರೆಯುಳ್ಳದ್ದು. ಇದಕ್ಕೆ 8.6 ಅಥವಾ 8.7 ಮಿಲಿಮೀಟರಿನ ರಂಧ್ರ ಬೇಕು. ಈ ಮರೆಯು ಕೆಳಗೆ ಹೋದಂತೆ ಕಿರಿದಾಗುವ ಜಾತಿಯದಾದ್ದರಿಂದ ಟ್ಯಾಪನ್ನು ಪೂರ್ತಿ ಇಳಿಸಿಬಿಟ್ಟರೆ ಫಿಟ್ಟಿಂಗ್ ಬಿಗಿಯುವುದೇ ಇಲ್ಲ. ಎರಡು ಮೂರು ಸುತ್ತಿಗೊಮ್ಮೆ ಫಿಟ್ಟಿಂಗನ್ನು ತಿರುಗಿಸಿ ನೋಡುತ್ತ ಮುಂದುವರಿಯಬೇಕು. ಸಂವೇದಕದ ತುದಿ ಅನಿಲದ ಹರಿವಿನ ಮಧ್ಯದಲ್ಲಿರಬೇಕು. ಗೋಡೆಗೆ ತಗಲಿದರೆ ಅದು ಕಬ್ಬಿಣದ ಶಾಖವನ್ನು ಹೇಳುತ್ತದೆಯೇ ಹೊರತು ಅನಿಲದ್ದನ್ನಲ್ಲ. ಮರೆಗೆ ಹೆಚ್ಚು ಶಾಖ ತಾಳುವ ಆಂಟಿಸೀಜ್ ಪೇಸ್ಟ್ ಹಚ್ಚಬೇಕು. ಟೆಫ್ಲಾನ್ ಟೇಪ್ ಇಲ್ಲಿ ಸುಟ್ಟುಹೋಗುತ್ತದೆ.

ಹೆಚ್ಚಿನ ತಪ್ಪುಗಳು ನಡೆಯುವುದು ತಂತಿಯ ವಿಷಯದಲ್ಲಿ. ಮಾಪಕದೊಡನೆ ಬಂದ ತಂತಿ ಸಾಲದಾದಾಗ ಸಾಮಾನ್ಯ ತಾಮ್ರದ ವೈರನ್ನು ಸೇರಿಸಿಬಿಡುವುದು ನಮ್ಮ ಎಲೆಕ್ಟ್ರಿಷಿಯನ್‌ಗಳ ವಾಡಿಕೆ. ಮಾಪಕವು ತನ್ನ ಹಿಂಬದಿಯ ತುದಿಗಳ ಶಾಖವನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಮಾಡುತ್ತದೆ. ತಾಮ್ರವನ್ನು ಎಂಜಿನ್ ಪಕ್ಕದಲ್ಲಿ ಸೇರಿಸಿದರೆ ನಿಜವಾದ ಆಧಾರವು ಆ ಸೇರುವೆಗೆ ಸರಿದುಬಿಡುತ್ತದೆ. ಅಲ್ಲಿ 80 ಡಿಗ್ರಿ, ಕ್ಯಾಬಿನ್ನಿನಲ್ಲಿ 35 ಡಿಗ್ರಿ ಇದ್ದರೆ ಮುಳ್ಳು ಸುಮಾರು 45 ಡಿಗ್ರಿ ಕಡಿಮೆ ತೋರಿಸುತ್ತದೆ. ಹೆಚ್ಚು ತೋರಿಸಿದ್ದರೆ ಚಾಲಕ ಎಚ್ಚೆತ್ತುಕೊಳ್ಳುತ್ತಿದ್ದ. ಕಡಿಮೆ ತೋರಿಸುವುದರಿಂದಲೇ ಈ ತಪ್ಪು ಗಂಭೀರವಾದುದು. 'ಕೆ' ಮಾದರಿಯ ವಿಸ್ತರಣಾ ತಂತಿಯನ್ನೇ ಬಳಸಬೇಕು, ಉಳಿದದ್ದನ್ನು ಕತ್ತರಿಸದೆ ಸುತ್ತಿಡಬೇಕು. ಬಣ್ಣದ ವಿಷಯದಲ್ಲಿಯೂ ಎಡವುವುದುಂಟು. ಅಮೆರಿಕದ ಪದ್ಧತಿಯ ತಂತಿಯಲ್ಲಿ ಹಳದಿ ಧನ, ಕೆಂಪು ಋಣ. ಐರೋಪ್ಯ ಪದ್ಧತಿಯಲ್ಲಿ ಹಸಿರು ಧನ, ಬಿಳಿ ಋಣ. ಬಣ್ಣ ಮಾಸಿದ್ದರೆ ಅಯಸ್ಕಾಂತ ಹಿಡಿದು ನೋಡಿದರಾಯಿತು: ಅದಕ್ಕೆ ಅಂಟುವ ತಂತಿಯೇ ಅಲ್ಯುಮೆಲ್, ಅಂದರೆ ಋಣ.

ಮಾಪಕಕ್ಕೆ ವಿದ್ಯುತ್ತನ್ನು ಇಗ್ನಿಷನ್ ಕೀಲಿಯ ನಂತರದ ಫ್ಯೂಸಿನಿಂದ ಪಡೆಯಬೇಕು. ಕಾರುಗಳಿಗೆಂದು ತಯಾರಾದ 12 ವೋಲ್ಟಿನ ಮಾಪಕವು 24 ವೋಲ್ಟಿನ ಲಾರಿಯಲ್ಲಿ ಸುಟ್ಟುಹೋಗುತ್ತದೆ. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ತಂತಿ ಎಳೆದುಕೊಳ್ಳುವ ಉಪಾಯವೂ ಬೇಡ. ಒಂದು ಬ್ಯಾಟರಿ ಸೊರಗಿ ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ.

ಅಂಕಿ ತೋರಿಸುವ ಡಿಜಿಟಲ್ ಮಾಪಕವಾದರೆ ಸಂವೇದಕವನ್ನು ತಿರುಗಿಸುವ ಮುನ್ನ ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸಬಹುದು. ಮಂಗಳೂರಿನಲ್ಲಿ 100 ಬಂದರೆ ಸರಿ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ 97 ಬಂದರೂ ಸರಿಯೇ.

ಚಾಲಕನ ಕೈಯಲ್ಲಿ

ಡೀಸೆಲ್ ಉಳಿತಾಯಕ್ಕೆಂದು ಏರಿನಲ್ಲಿಯೂ ಮೇಲಿನ ಗೇರನ್ನೇ ಹಿಡಿದು ಆಕ್ಸಿಲರೇಟರನ್ನು ಒತ್ತಿಹಿಡಿಯುವುದು ಬಹುಜನ ಚಾಲಕರ ಅಭ್ಯಾಸ. ಎಂಜಿನ್ ನಿಧಾನವಾಗಿ ತಿರುಗುವಾಗ ಟರ್ಬೊ ಸಾಕಷ್ಟು ಗಾಳಿ ಕೊಡಲಾರದು, ಡೀಸೆಲ್ ಮಾತ್ರ ಪೂರ್ತಿ ಸುರಿಯುತ್ತಿರುತ್ತದೆ. ಮಾಪಕವಿದ್ದಲ್ಲಿ ಇದು ಕಣ್ಣಿಗೆ ಕಾಣುತ್ತದೆ: ಮುಳ್ಳು 650 ದಾಟಿ ಏರುತ್ತಲೇ ಇರುತ್ತದೆ, ಒಂದು ಗೇರ್ ಇಳಿಸಿದೊಡನೆ ಸುತ್ತು ಹೆಚ್ಚಿ, ಗಾಳಿ ಹೆಚ್ಚಿ, ಮುಳ್ಳು ಹಿಂದೆ ಬರುತ್ತದೆ. ಮಾಲೀಕರು ಎಷ್ಟು ಸಲ ಹೇಳಿದರೂ ನಾಟದ ಮಾತು ಒಂದು ಘಾಟಿಯಲ್ಲಿ ನಾಟುತ್ತದೆ.

ಏರು ಮುಗಿದ ಕೂಡಲೇ ಚಹಾ ಅಂಗಡಿಯ ಮುಂದೆ ನಿಲ್ಲಿಸಿ ಎಂಜಿನ್ ಬಂದ್ ಮಾಡುವುದು ಟರ್ಬೊಗೆ ಇನ್ನೊಂದು ಪೆಟ್ಟು. ಆಯಿಲ್ ಹರಿವು ನಿಂತು, ಬೇರಿಂಗಿನಲ್ಲಿ ಉಳಿದ ಆಯಿಲ್ ಕಾದ ಲೋಹಕ್ಕೆ ಸುಟ್ಟು ಮಸಿಗಟ್ಟುತ್ತದೆ. ಮುಳ್ಳು 200 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರಲಿ. 'ಐದು ನಿಮಿಷ' ಎಂಬ ಊಹೆಯ ನಿಯಮಕ್ಕಿಂತ ಇದು ಖಚಿತ. ಇಳಿಜಾರಿನಲ್ಲಿ ಬಂದ ಗಾಡಿಗೆ ಅರ್ಧ ನಿಮಿಷವೂ ಸಾಕಾಗಬಹುದು.

ಒಂದೇ ದಾರಿ, ಒಂದೇ ತೂಕ, ಒಂದೇ ಗೇರಿನಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆಂಬುದನ್ನು ಟ್ರಿಪ್ ಪುಸ್ತಕದಲ್ಲಿ ಬರೆದಿಡುವ ರೂಢಿಯೂ ಉಪಯುಕ್ತ. ಅದು ಒಮ್ಮೆಲೇ 50 ಡಿಗ್ರಿ ಏರಿದರೆ ಮೊದಲು ಏರ್ ಫಿಲ್ಟರ್, ನಂತರ ಇಂಟರ್‌ಕೂಲರ್ ಹೋಸ್, ಆಮೇಲೆ ಇಂಜೆಕ್ಟರ್ ನೋಡಬೇಕು. ಮೊದಲಿಗಿಂತ ಕಡಿಮೆಯಾಗಿ, ಎಳೆತವೂ ತಗ್ಗಿದ್ದರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಒಂದೇ ಸಿಲಿಂಡರಿನ ದೋಷವನ್ನು ಮಾತ್ರ ಈ ಮಾಪಕವು ಸ್ಪಷ್ಟವಾಗಿ ಹೇಳಲಾರದು, ಏಕೆಂದರೆ ಅದು ಕಾಣುವುದು ಸರಾಸರಿಯನ್ನು.

ಇಲ್ಲಿ ಹೇಳಿದ ಕೊರೆಯುವ ಕೆಲಸವು ಹಳೆಯ, ಯಾಂತ್ರಿಕ ಪಂಪಿನ ವಾಹನಗಳಿಗೆ ಅನ್ವಯಿಸುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಲಾರಿಗಳಲ್ಲಿ ಎಕ್ಸಾಸ್ಟ್ ಶುದ್ಧೀಕರಣ ವ್ಯವಸ್ಥೆಗಾಗಿ ಉಷ್ಣತಾ ಸಂವೇದಕಗಳು ಕಾರ್ಖಾನೆಯಿಂದಲೇ ಬಂದಿರುತ್ತವೆ. ಅಂತಹ ವಾಹನಗಳ ಮ್ಯಾನಿಫೋಲ್ಡಿಗೆ ಡ್ರಿಲ್ ಹಾಕಿದರೆ ವಾರಂಟಿಗೆ ಕುತ್ತು ಬರುತ್ತದೆ. ಅವುಗಳಲ್ಲಿ ಅನಿಲದ ಶಾಖವನ್ನು ತಿಳಿಯಬೇಕಾದವರು ಡಯಾಗ್ನಾಸ್ಟಿಕ್ ಸಾಕೆಟ್‌ಗೆ ಸೇರಿಸುವ ಉಪಕರಣದಿಂದ ಓದಿಸಿಕೊಳ್ಳಬಹುದು.